ಪುಟಕ್ಕೆ 3,800 ಜನ, ತಿಂಗಳಿಗೆ ಆರು ಗಿರಾಕಿಗಳು: ದುಡ್ಡು ಕೊಟ್ಟು ಪ್ರಚಾರ ಮಾಡಬೇಕೇ?

ಸಾಗರದ ಸೊಸೆ | ಜನವರಿ 11

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ಅತ್ತೆಯವರು ಮನೆಗೆಂದು, ನೆಂಟರಿಗೆಂದು ಹಾಕುತ್ತಿದ್ದದ್ದನ್ನೇ ಮೂರು ವರ್ಷಗಳಿಂದ ವ್ಯಾಪಾರ ಮಾಡಿಕೊಂಡಿದ್ದೇವೆ. ಕಳೆದ ಸಲ ಹನ್ನೆರಡು ಸಾವಿರ ಮಿಡಿ ಹಾಕಿದೆವು. ಪೇಟೆಯ ಎರಡು ಅಂಗಡಿಯವರು ಒಂದಿಷ್ಟು ಒಯ್ಯುತ್ತಾರೆ, ಮಿಕ್ಕಿದ್ದನ್ನು ನಾವೇ ಮಾರಬೇಕು. ಅದಕ್ಕೆಂದೇ ಹದಿನಾಲ್ಕು ತಿಂಗಳ ಹಿಂದೆ ಫೇಸ್‌ಬುಕ್ಕಿನಲ್ಲಿ ಒಂದು ಪುಟ, ಇನ್‌ಸ್ಟಾಗ್ರಾಂನಲ್ಲಿ ಒಂದು ಖಾತೆ ತೆರೆದೆ.

ಪುಟಕ್ಕೆ ಈಗ 3,800 ಜನ ಸೇರಿದ್ದಾರೆ. ಭರಣಿಯ ಫೋಟೊ ಹಾಕಿದರೆ ಇನ್ನೂರು ಮುನ್ನೂರು ಲೈಕ್ ಬೀಳುತ್ತವೆ. ‘ಬಾಯಲ್ಲಿ ನೀರೂರಿತು’, ‘ಅಜ್ಜಿಯ ನೆನಪಾಯಿತು’ ಎಂದು ಬರೆಯುತ್ತಾರೆ. ಓದುವಾಗ ಸಂತೋಷವಾಗುತ್ತದೆ. ಆದರೆ ತಿಂಗಳ ಕೊನೆಗೆ ನೋಟ್‌ಬುಕ್ ತೆಗೆದು ನೋಡಿದರೆ, ಪುಟ ನೋಡಿ ತರಿಸಿಕೊಂಡವರು ಆರು ಜನ, ಹೆಚ್ಚೆಂದರೆ ಏಳು.

ಮುಂದಿನ ತಿಂಗಳು ಮಿಡಿ ಬರಲು ಶುರುವಾಗುತ್ತದೆ. ಎಷ್ಟು ಸಾವಿರ ಮಿಡಿಗೆ ಮುಂಗಡ ಕೊಡಬೇಕೆಂದು ಈಗಲೇ ತೀರ್ಮಾನಿಸಬೇಕು. 5,000 ರೂಪಾಯಿ ಕೊಟ್ಟು ‘ಬೂಸ್ಟ್’ ಮಾಡಿಸಿ ಅತ್ತಿಗೆ ಎಂದು ಮೈದುನ ಒತ್ತಾಯ ಮಾಡುತ್ತಿದ್ದಾನೆ. ಬೂಸ್ಟ್ ಎಂದರೆ ದುಡ್ಡು ಕೊಟ್ಟು ನಮ್ಮ ಬರಹವನ್ನು ಹೆಚ್ಚು ಜನರಿಗೆ ತೋರಿಸುವುದಂತೆ. ನಮಗೆ ಐದು ಸಾವಿರ ಸಣ್ಣ ಮೊತ್ತವಲ್ಲ. ಇಂಥ ಪುಟ ನಡೆಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಹೊಲಿಗೆ | ಜನವರಿ 11

ಮೊದಲು ಒಂದು ಪ್ರಶ್ನೆ ಅಕ್ಕ. ಆ 3,800 ಜನ ಎಲ್ಲಿಂದ ಬಂದರು? ನಿಧಾನವಾಗಿ ಸೇರಿದರೇ, ಒಮ್ಮೆಲೇ ಬಂದರೇ?

ಸಾಗರದ ಸೊಸೆ | ಜನವರಿ 11

ದೀಪಾವಳಿಯಲ್ಲಿ ಒಂದು ಸ್ಪರ್ಧೆ ಇಟ್ಟಿದ್ದೆ. ಪುಟವನ್ನು ಲೈಕ್ ಮಾಡಿ, ಫೋಟೊವನ್ನು ನಿಮ್ಮ ಗೋಡೆಯಲ್ಲಿ ಹಂಚಿಕೊಳ್ಳಿ, ಐದು ಜನರಿಗೆ ಅರ್ಧ ಕೆಜಿ ಉಚಿತ ಎಂದು. ಆ ಹತ್ತು ದಿನಗಳಲ್ಲೇ ಎರಡೂವರೆ ಸಾವಿರ ಜನ ಸೇರಿದರು. ಗೆದ್ದ ಐವರಿಗೂ ಕಳುಹಿಸಿಕೊಟ್ಟೆ. ಅವರಲ್ಲಿ ಯಾರೂ ಮತ್ತೆ ಕೇಳಲಿಲ್ಲ.

ಹುಬ್ಬಳ್ಳಿ ಹೊಲಿಗೆ | ಜನವರಿ 12

ಹಾಗಾದರೆ ನಿಮ್ಮ ಪುಟದಲ್ಲಿರುವ ಮೂವರಲ್ಲಿ ಇಬ್ಬರು ಬಹುಮಾನಕ್ಕೆ ಬಂದವರು. ಉಪ್ಪಿನಕಾಯಿಯೇ ಆಗಬೇಕೆಂದಿರಲಿಲ್ಲ, ಸೋಪಿನ ಪೆಟ್ಟಿಗೆ ಕೊಟ್ಟಿದ್ದರೂ ಬರುತ್ತಿದ್ದರು. ಬೇಸರ ಮಾಡಿಕೊಳ್ಳಬೇಡಿ, ನಾನೂ ಇದನ್ನೇ ಮಾಡಿದ್ದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ನಿಮ್ಮ ಗೋಡೆಯಲ್ಲಿ ಹಂಚಿಕೊಂಡರೆ ಮಾತ್ರ ಸ್ಪರ್ಧೆಗೆ ಸೇರುತ್ತೀರಿ ಎಂಬ ಷರತ್ತನ್ನು ಫೇಸ್‌ಬುಕ್ಕಿನ ನಿಯಮಗಳೇ ಒಪ್ಪುವುದಿಲ್ಲ.

ಪುಟದಲ್ಲಿ ಹಾಕಿದ್ದು ಸೇರಿದವರೆಲ್ಲರಿಗೂ ಕಾಣುತ್ತದೆ ಎಂದುಕೊಂಡಿದ್ದೀರೇನೋ. ಹಾಗಿಲ್ಲ. ಪುಟಗಳ ಬರಹಕ್ಕಿಂತ ಸ್ನೇಹಿತರು, ಮನೆಯವರು ಬರೆದದ್ದನ್ನು ಮುಂದೆ ತೋರಿಸುತ್ತೇವೆ ಎಂದು 2018ರ ಜನವರಿಯಲ್ಲೇ ಫೇಸ್‌ಬುಕ್ ಬಹಿರಂಗವಾಗಿ ಹೇಳಿತ್ತು. ಹಾಗಾಗಿ ಆಸಕ್ತಿ ಇಲ್ಲದ ಎರಡೂವರೆ ಸಾವಿರ ಜನ ಪುಟದಲ್ಲಿ ಕುಳಿತಿದ್ದರೆ ಏನೂ ಲಾಭವಿಲ್ಲ.

ಈಗ ಬೂಸ್ಟ್ ವಿಷಯ. ನನ್ನದು ಕುಪ್ಪಸ ಹೊಲಿಯುವ ಅಂಗಡಿ. ಮೊದಲ ಸಲ 3,000 ರೂಪಾಯಿ ಹಾಕಿ, ಗುರಿ ಏನೆಂದು ಕೇಳಿದಲ್ಲಿ ‘ಹೆಚ್ಚು ಲೈಕ್’ ಎಂದು ಒತ್ತಿದೆ, ಊರು ಕೇಳಿದಲ್ಲಿ ಇಡೀ ಕರ್ನಾಟಕ ಎಂದೆ. ಲೈಕ್ ಬಂದವು, ಬಟ್ಟೆ ಬರಲಿಲ್ಲ. ಲೈಕ್ ಬೇಕೆಂದು ಹೇಳಿದರೆ ಲೈಕ್ ಒತ್ತುವ ಅಭ್ಯಾಸದವರಿಗೇ ಅದು ತೋರಿಸುತ್ತದೆ. ಎರಡನೇ ಸಲ 1,500 ರೂಪಾಯಿಯಷ್ಟೇ ಹಾಕಿ, ಅಂಗಡಿಯಿಂದ ಹತ್ತು ಕಿಲೋಮೀಟರ್ ಒಳಗಿನವರಿಗೆ ಮಾತ್ರ ಎಂದು ಕೊಟ್ಟು, ‘ಸಂದೇಶ ಕಳುಹಿಸಿ’ ಎಂಬ ಗುರಿ ಆರಿಸಿಕೊಂಡೆ. ಮದುವೆಯ ಕಾಲ ಬೇರೆ. ಒಂದು ವಾರದಲ್ಲಿ ಹತ್ತೊಂಬತ್ತು ಕುಪ್ಪಸ ಬಂದವು. ಹಾಕಿದ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಬೆಂಗಳೂರು ಸೇರಿದ ಮಲೆನಾಡಿಗಳು | ಜನವರಿ 12

ನಾನು ಮಾರುವವಳಲ್ಲ, ಕೊಳ್ಳುವವಳು. ತೀರ್ಥಹಳ್ಳಿ ಕಡೆ ಹುಟ್ಟಿ ಬನಶಂಕರಿಯಲ್ಲಿ ಮನೆ ಮಾಡಿಕೊಂಡಿರುವವಳು. ಇಂಥ ಪುಟಗಳಿಂದ ಹತ್ತು ಸಲ ತರಿಸಿಕೊಂಡಿದ್ದೇನೆ, ಇಪ್ಪತ್ತು ಸಲ ತರಿಸಬೇಕೆಂದುಕೊಂಡು ಕೈಬಿಟ್ಟಿದ್ದೇನೆ. ಯಾಕೆ ಕೈಬಿಟ್ಟೆ ಎಂದು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ನನಗೆ ಮೊಬೈಲ್ ಕೈಗೆ ಸಿಗುವುದು ರಾತ್ರಿ ಹತ್ತೂವರೆಗೆ. ಪಾತ್ರೆ ತೊಳೆದು, ಮಕ್ಕಳು ಮಲಗಿದ ಮೇಲೆ. ಆಗ ನಿಮ್ಮಂಥವರ ಫೋಟೊ ಕಾಣುತ್ತದೆ. ಮಧ್ಯಾಹ್ನ ಮೊಸರನ್ನಕ್ಕೆ ನೆಂಚಿಕೊಳ್ಳಲು ಏನೂ ಇರಲಿಲ್ಲವೆಂಬುದು ನೆನಪಾಗುತ್ತದೆ. ಆ ಕ್ಷಣದಲ್ಲಿ ಬೆಲೆ, ಅಂಚೆ ವೆಚ್ಚ, ದುಡ್ಡು ಕಳುಹಿಸುವ ದಾರಿ ಮೂರೂ ಕಣ್ಣಿಗೆ ಬಿದ್ದರೆ ಎರಡು ನಿಮಿಷದಲ್ಲಿ ಕೊಂಡುಬಿಡುತ್ತೇನೆ. ಆದರೆ ಫೋಟೊದಲ್ಲಿ ಬೆಲೆಯೇ ಇರುವುದಿಲ್ಲ. ಕೆಳಗೆ ನಲವತ್ತು ಜನ ‘ಬೆಲೆ ಎಷ್ಟು’ ಎಂದು ಕೇಳಿರುತ್ತಾರೆ, ನಲವತ್ತಕ್ಕೂ ‘ಇನ್‌ಬಾಕ್ಸ್ ನೋಡಿ’ ಎಂಬ ಒಂದೇ ಉತ್ತರ. ನಾನೂ ಕೇಳಿಟ್ಟು ಮಲಗುತ್ತೇನೆ. ಮರುದಿನ ಮಧ್ಯಾಹ್ನ ಉತ್ತರ ಬರುವ ಹೊತ್ತಿಗೆ ಕಚೇರಿಯ ಕೆಲಸದಲ್ಲಿ ಮುಳುಗಿರುತ್ತೇನೆ. ಅಂಗಡಿಗೆ ಹೋದ ಗಿರಾಕಿಗೆ ಬೆಲೆ ಹೇಳಲು ಯಾರಾದರೂ ಒಳಕೋಣೆಗೆ ಕರೆಯುತ್ತಾರೆಯೇ?

ಕೊಂಡದ್ದು ಯಾವಾಗ ಎಂದೂ ಹೇಳುತ್ತೇನೆ. ಒಬ್ಬರು ವಿಡಿಯೊ ಹಾಕಿದ್ದರು. ಸಂಗೀತ ಇಲ್ಲ, ಮುಖ ಇಲ್ಲ. ವಯಸ್ಸಾದ ಹೆಂಗಸಿನ ಎರಡು ಕೈ, ಮಡಿಲಲ್ಲಿ ಮೊರ, ಮೊರದ ತುಂಬ ಮಿಡಿ. ಒಂದು ಮಿಡಿ ಎತ್ತಿಕೊಂಡು ತೊಟ್ಟು ಮುರಿದರು, ಸೊನೆ ಚಿಮ್ಮಿ ಹೆಬ್ಬೆರಳಿನ ಮೇಲೆ ಹನಿಯಾಗಿ ನಿಂತಿತು. ‘ಇದು ಜೀರಿಗೆ ವಾಸನೆಯದು, ಹೊಳೆಬದಿಯ ಮರದ್ದು’ ಎಂದರು. ಅಷ್ಟೇ. ನನಗೆ ಆ ಪರಿಮಳ ಇಲ್ಲಿ ಹಾಸಿಗೆಯ ಮೇಲೆ ಕುಳಿತಲ್ಲೇ ಬಂದಂತಾಯಿತು. ಎರಡು ಕೆಜಿ ತರಿಸಿದೆ. ಡಬ್ಬಿಯ ಮೇಲೆ ‘ಒದ್ದೆ ಚಮಚ ಹಾಕಬೇಡಿ’ ಎಂದು ಕೈಬರಹದ ಚೀಟಿ ಅಂಟಿಸಿದ್ದರು. ಆ ಚೀಟಿಯನ್ನು ಈಗಲೂ ಎತ್ತಿಟ್ಟಿದ್ದೇನೆ.

ಇನ್ನೊಂದು ಮಾತು, ಕನ್ನಡದಲ್ಲೇ ಬರೆಯಿರಿ. ಅಪ್ಪೆಮಿಡಿ ಯಾವುದು, ಮಾವಿನಕಾಯಿ ಹೋಳು ಯಾವುದು ಎಂದು ತಿಳಿದವರಿಗೆ ಮಾರುವಾಗ ಇಂಗ್ಲಿಷ್ ಯಾಕೆ ಬೇಕು?

ಸಾಗರದ ಸೊಸೆ | ಜನವರಿ 13

ನಿಮ್ಮ ಬರಹವನ್ನು ಅತ್ತೆಗೂ ಓದಿ ಹೇಳಿದೆ. ‘ಅವರು ಹೇಳುವುದು ಸರಿ’ ಎಂದರು.

ಬೆಲೆ ಬರೆಯದಿರಲು ನನಗೆ ಎರಡು ಕಾರಣಗಳಿದ್ದವು. ಬೆಂಗಳೂರಿಗೂ ಮುಂಬೈಗೂ ಅಂಚೆ ವೆಚ್ಚ ಒಂದೇ ಅಲ್ಲ. ಎರಡನೆಯದು ಹೇಳಲು ಸಂಕೋಚ. ಊರಿನವರು, ನೆಂಟರು ಎಲ್ಲರೂ ಪುಟದಲ್ಲಿದ್ದಾರೆ. ಅರ್ಧ ಕೆಜಿಗೆ 260 ರೂಪಾಯಿ ಎಂದು ಬರೆದರೆ ‘ಮಿಡಿ ಉಪ್ಪಿನಕಾಯಿಗೆ ಇಷ್ಟೊಂದೇ’ ಎನ್ನುತ್ತಾರೆ. ಒಬ್ಬರು ಹಾಗೆ ಅಂದದ್ದೂ ಉಂಟು. ಅಂದಿನಿಂದ ಬರೆಯುವುದನ್ನೇ ಬಿಟ್ಟೆ.

ಇಳಕಲ್ಲಿನ ಮಗ್ಗ | ಜನವರಿ 13

ತಂಗಿ, ಬೆಲೆಯ ಸಂಕೋಚ ನಮ್ಮ ಮನೆಯಲ್ಲೂ ಇತ್ತು. ಯಂತ್ರಮಗ್ಗದ ಸೀರೆ ಪೇಟೆಯಲ್ಲಿ ಸಾವಿರದೊಳಗೆ ಸಿಗುವಾಗ ಕೈಮಗ್ಗದ್ದಕ್ಕೆ ನಾಲ್ಕೈದು ಸಾವಿರ ಎಂದು ಹೇಗೆ ಬರೆಯುವುದು ಎಂದು ತಂದೆಯವರೂ ಹಿಂಜರಿದಿದ್ದರು. ಆಮೇಲೆ ನಾವು ಬೆಲೆ ಬರೆಯುವುದರ ಜೊತೆಗೆ ಕೆಲಸವನ್ನೂ ತೋರಿಸಲು ಶುರುಮಾಡಿದೆವು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಪ್ರತಿ ಸೀರೆಗೂ ಆ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಬೆಸೆಯಬೇಕು. ತೋಪ್ ತೆನಿ ಸೆರಗು ಎಂದು ಹೆಸರಾದದ್ದು ಇದೇ. ನನ್ನ ತಾಯಿ ಎಳೆ ಬೆಸೆಯುತ್ತಾ ಕುಳಿತದ್ದನ್ನು ಕಿಟಕಿಯ ಬೆಳಕಿನಲ್ಲಿ ಒಂದೂವರೆ ನಿಮಿಷದ ವಿಡಿಯೊ ಹಿಡಿದು ಹಾಕಿದೆ. ‘ಇಷ್ಟು ಎಳೆಗಳನ್ನೂ ಕೈಯಲ್ಲೇ ಬೆಸೆಯುತ್ತಾರೆಯೇ’ ಎಂದು ಕೇಳಿದವರೇ ಸೀರೆ ಕೊಂಡರು. ಅದಾದ ಮೇಲೆ ಬೆಲೆಯ ಬಗ್ಗೆ ಚೌಕಾಶಿ ಬಹಳ ಕಡಿಮೆಯಾಯಿತು. ನಿಮ್ಮ ಅತ್ತೆಯವರು ಒಂದೊಂದೇ ಮಿಡಿಯನ್ನು ಮುಟ್ಟಿ ನೋಡಿ, ಪೆಟ್ಟಾದದ್ದನ್ನು ಬೇರೆ ಮಾಡುತ್ತಾರಲ್ಲ, ಅದನ್ನು ಹಿಡಿಯಿರಿ. 260 ರೂಪಾಯಿ ಯಾಕೆಂದು ಬೇರೆ ಹೇಳಬೇಕಾಗಿಲ್ಲ.

ನಮಗೆ ನಷ್ಟವಾದ ಎರಡು ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು ಬಣ್ಣ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊದಲ್ಲಿ ದಾಳಿಂಬೆ ಕೆಂಪು ಗುಲಾಬಿಯಾಗಿ ಕಂಡಿತು. ಒಂದೇ ತಿಂಗಳಲ್ಲಿ ನಾಲ್ಕು ಸೀರೆ ವಾಪಸ್ ಬಂದವು, ಹೋಗಿಬರುವ ಖರ್ಚು ನಮ್ಮ ತಲೆಗೇ ಬಂತು. ಈಗ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪಡಸಾಲೆಯಲ್ಲಿ ನೆರಳಿನ ಬೆಳಕಲ್ಲೇ ತೆಗೆಯುತ್ತೇನೆ. ಎರಡನೆಯದು ಫೋಟೊ ಕಳವು. ನಾವು ನೇಯ್ದ ಸೀರೆಯ ಫೋಟೊವನ್ನು ಎತ್ತಿಕೊಂಡು ಯಾರೋ ಯಂತ್ರದ ಸೀರೆ ಮಾರಿದರು. ಮೋಸಹೋದ ಗಿರಾಕಿ ನಮಗೇ ಫೋನ್ ಮಾಡಿ ಬೈದರು. ಅಂದಿನಿಂದ ಪ್ರತಿ ಸೀರೆಯ ಫೋಟೊದಲ್ಲೂ ನಮ್ಮ ಮಗ್ಗವೋ ಮನೆಯವರ ಕೈಯೋ ಕಾಣುವಂತೆ ತೆಗೆಯುತ್ತೇವೆ.

ಮೈಸೂರಿನ ಹಳೆ ಅಂಗಡಿ | ಜನವರಿ 14

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಪುಟ ಎಷ್ಟೇ ಚೆನ್ನಾಗಿ ನಡೆಯಲಿ, ಅದು ಬೇರೆಯವರ ಕಟ್ಟಡದ ಜಗಲಿ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋಗಿದ್ದವು. ಮೂರಕ್ಕೂ ಒಡೆಯರು ಒಬ್ಬರೇ.

ನಮಗೆ ಆದದ್ದು ಇನ್ನೂ ಕೆಟ್ಟದ್ದು. ‘ನಿಮ್ಮ ಪುಟ ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಮುಚ್ಚಲಾಗುವುದು, ಇಲ್ಲಿ ಒತ್ತಿ ಮನವಿ ಸಲ್ಲಿಸಿ’ ಎಂದು ಒಂದು ಸಂದೇಶ ಬಂತು. ಮಗ ಗಾಬರಿಯಲ್ಲಿ ಒತ್ತಿ ಪಾಸ್‌ವರ್ಡ್ ಕೊಟ್ಟ. ಅದು ವಂಚಕರ ಸಂದೇಶ. ಒಂದೇ ಗಂಟೆಯಲ್ಲಿ ಆರು ವರ್ಷದ ಪುಟ ಯಾರದೋ ಕೈ ಸೇರಿತು. ಹನ್ನೊಂದು ಸಾವಿರ ಜನ ಸೇರಿದ್ದ ಪುಟ. ಮರಳಿ ಸಿಗಲಿಲ್ಲ.

ಆದ್ದರಿಂದ ಇಂದೇ ಈ ಕೆಲಸ ಮಾಡಿ. ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೂಡ ಕೇಳುವ ವ್ಯವಸ್ಥೆ) ಚಾಲೂ ಮಾಡಿಕೊಳ್ಳಿ. ನಿಮ್ಮ ಜೊತೆಗೆ ಮನೆಯ ಇನ್ನೊಬ್ಬರನ್ನೂ ಪುಟದ ನಿರ್ವಾಹಕರನ್ನಾಗಿ ಮಾಡಿ. ಆಮೇಲೆ ಗಿರಾಕಿಗಳ ಹೆಸರು, ಊರು, ಫೋನ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ. ನಮ್ಮ ಅಂಗಡಿ ಉಳಿದದ್ದು ಕೌಂಟರಿನ ಕೆಳಗಿದ್ದ ವಿಳಾಸದ ಪುಸ್ತಕದಿಂದ.

ಮೂರು ವರ್ಷದಲ್ಲಿ ನಿಮ್ಮಿಂದ ಕೊಂಡವರ ಪಟ್ಟಿ ನಿಮ್ಮ ಬಳಿ ಇದೆಯೇ ತಾಯಿ? ಅದಿದ್ದರೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಂಡು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಮ್ಮೆ ಬರೆದ ಸಂದೇಶ ಪಟ್ಟಿಯಲ್ಲಿರುವ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ಸಂಖ್ಯೆಯನ್ನು ಅವರು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಹಾಗಾಗಿ ಮೊದಲು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು, ‘ಹೊಸ ಮಿಡಿ ಬಂದಾಗ ತಿಳಿಸಲೇ? ಬೇಕಿದ್ದರೆ ಈ ಸಂಖ್ಯೆಯನ್ನು ಉಳಿಸಿಕೊಳ್ಳಿ’ ಎಂದು ಕೇಳಿ. ಬೇಡ ಎಂದವರನ್ನು ಬಿಟ್ಟುಬಿಡಿ.

ಹುಬ್ಬಳ್ಳಿ ಹೊಲಿಗೆ | ಜನವರಿ 14

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಹಳೆಯ ಗಿರಾಕಿಗಳ ಪಟ್ಟಿಯಿಂದ ಹೊಸಬರು ಬರುವುದಿಲ್ಲ. ನಾನು ಅಂಗಡಿ ಇಟ್ಟಾಗ ನನಗೆ ಪಟ್ಟಿಯೇ ಇರಲಿಲ್ಲ. ಊರಿಗೆ ಹೊಸಬಳಾದ ನನ್ನ ಹೆಸರು ನಾಲ್ಕು ಓಣಿಗೆ ತಿಳಿದದ್ದು ಪುಟದಿಂದಲೇ. ಜಗಲಿ ಬೇರೆಯವರದೇ ಇರಲಿ, ಜನ ಓಡಾಡುವುದು ಅಲ್ಲಿಯೇ ಅಲ್ಲವೇ?

ಮೈಸೂರಿನ ಹಳೆ ಅಂಗಡಿ | ಜನವರಿ 14

ನಿಜ. ಜಗಲಿಯಲ್ಲಿ ಕೂರಬೇಡಿ ಎಂದು ನಾನೂ ಹೇಳುವುದಿಲ್ಲ. ಬಂದವರ ಹೆಸರು ಬರೆದುಕೊಳ್ಳದೆ ಕಳುಹಿಸಬೇಡಿ ಎನ್ನುತ್ತೇನೆ.

ಪುತ್ತೂರು ತೋಟ | ಜನವರಿ 15

ದುಡ್ಡು ಹಾಕದೆ ಸುದ್ದಿ ಹೇಗೆ ಹರಡುತ್ತದೆ ಎಂಬುದಕ್ಕೆ ನಮ್ಮ ಕಡೆಯ ಒಂದು ಉದಾಹರಣೆ. 2021ರಲ್ಲಿ ಬಾಳೆಗೊನೆಗೆ ಬೆಲೆ ಬಿದ್ದಾಗ ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ಯವರು ಬಾಳೆಕಾಯಿ ಹುಡಿ ಮಾಡುವ ಬಗ್ಗೆ ಆಂದೋಲನವನ್ನೇ ನಡೆಸಿದರು. ಬಾಕಾಹು ಎಂದು ಚಿಕ್ಕ ಹೆಸರು ಇಟ್ಟರು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಮನೆಮನೆಯಲ್ಲಿ ಹೆಂಗಸರು ಹುಡಿ ಮಾಡಿ ಅದರಿಂದ ದೋಸೆ, ಗುಲಾಬ್ ಜಾಮೂನು ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಫೇಸ್‌ಬುಕ್ಕಿನಲ್ಲಿ ಫೋಟೊ ಹಾಕಿದರು. ಅದೇ ಜುಲೈನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಅದರ ಪ್ರಸ್ತಾಪ ಬಂತು.

ನಾನು ಆಗ ಗಮನಿಸಿದ್ದು ಇಷ್ಟು. ಯಾರೂ ‘ನನ್ನ ಹುಡಿ ಕೊಳ್ಳಿ’ ಎಂದು ಶುರುಮಾಡಲಿಲ್ಲ. ಎಷ್ಟು ದಪ್ಪಕ್ಕೆ ಹೆಚ್ಚಬೇಕು, ಎಷ್ಟು ಬಿಸಿಲು ಬೇಕು, ದೋಸೆಗೆ ಯಾವ ಅಳತೆ ಎಂದು ಒಬ್ಬರಿಗೊಬ್ಬರು ಕಲಿಸಿದರು. ಕಲಿತವರಲ್ಲಿ ಮಾಡಲು ಪುರುಸೊತ್ತಿಲ್ಲದವರು ಕೊಂಡರು. ನೀವೂ ವಾರಕ್ಕೊಮ್ಮೆ ಏನಾದರೂ ಕಲಿಸಿ. ಮಿಡಿ ಮೆತ್ತಗಾಗುವುದು ಯಾಕೆ, ಉಪ್ಪುನೀರಿನ ಹದ ತಿಳಿಯುವುದು ಹೇಗೆ ಎಂದು. ಗುಟ್ಟು ಬಿಟ್ಟುಕೊಟ್ಟಂತೆ ಆಗುತ್ತದೆ ಎಂದು ಹೆದರಬೇಡಿ. ಅಪ್ಪೆಮಿಡಿ ಮರ ಎಲ್ಲರ ಹಿತ್ತಲಲ್ಲಿ ಇಲ್ಲ.

ತುಮಕೂರಿನ ಲೆಕ್ಕಿಗ | ಜನವರಿ 16

ಯಾರೂ ಕಾನೂನಿನ ಮಾತು ಎತ್ತಿಲ್ಲವಾದ್ದರಿಂದ ನಾನು ಎತ್ತುತ್ತೇನೆ, ಓದಲು ರುಚಿಯಿಲ್ಲದಿದ್ದರೂ ಅಗತ್ಯ. ಮನೆಯಲ್ಲೇ ಮಾಡಿದರೂ ತಿನ್ನುವ ಪದಾರ್ಥ ಮಾರುವವರಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ಘಟಕಗಳಿಗೆ ಪೂರ್ತಿ ಪರವಾನಗಿಯ ಅಗತ್ಯವಿಲ್ಲ, ನೋಂದಣಿ ಸಾಕು, ಶುಲ್ಕವೂ ಕಡಿಮೆ. ಅವರು ಕೊಡುವ 14 ಅಂಕಿಯ ಸಂಖ್ಯೆ ಡಬ್ಬಿಯ ಮೇಲಿರಲಿ. ನಿವ್ವಳ ತೂಕ, ತಯಾರಿಸಿದ ತಿಂಗಳು, ಗರಿಷ್ಠ ಬೆಲೆ, ವಿಳಾಸ, ಸಸ್ಯಾಹಾರದ ಹಸಿರು ಗುರುತು ಎಲ್ಲವೂ ಬೇಕು. ಪುಟದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅಪರಿಚಿತರಿಗೂ ಧೈರ್ಯ ಬರುತ್ತದೆ.

ಇನ್ನು ಜಿಎಸ್‌ಟಿ. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಆದರೆ ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಾದರೂ ನೋಂದಣಿ ಕಡ್ಡಾಯ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಉಪ್ಪಿನಕಾಯಿಗೆ ಇಲ್ಲ. ಪುಟಕ್ಕೆ ಗಡಿಯಿಲ್ಲ. ಪುಣೆಯಿಂದಲೋ ಹೈದರಾಬಾದಿನಿಂದಲೋ ಕೇಳಿದಾಗ ಸಂತೋಷದಿಂದ ಕಳುಹಿಸುವ ಮೊದಲು ನಿಮ್ಮ ಊರಿನ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕ ನೇತಾಡಿತು. ವ್ಯಾಪಾರದ ಖಾತೆ, ಮನೆಯ ಖಾತೆ ಬೇರೆ ಬೇರೆ ಇದ್ದು, ಲೆಕ್ಕ ಬರೆದಿಟ್ಟಿದ್ದರೆ ಹೆದರಬೇಕಾಗಿಲ್ಲ.

ಕೊನೆಗೊಂದು ಎಚ್ಚರಿಕೆ. ಪುಟದಲ್ಲಿ ಫೋನ್ ಸಂಖ್ಯೆ ಹಾಕಿದ ಮೇಲೆ ‘ಸೈನ್ಯದ ಕ್ಯಾಂಟೀನಿಗೆ ಐವತ್ತು ಕೆಜಿ ಬೇಕು, ಮುಂಗಡ ಕಳುಹಿಸುತ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದು ಕರೆ ಬರಬಹುದು. ಹಣ ನಮಗೆ ಬರಬೇಕಾದಾಗ ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ. ಮೋಸಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಾಗರದ ಸೊಸೆ | ಜನವರಿ 16

ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿದೆ ಸರ್. ಹೊರರಾಜ್ಯದ ವಿಷಯ ಗೊತ್ತಿರಲಿಲ್ಲ. ಮುಂಬೈಗೆ ಕಳುಹಿಸುವುದನ್ನು ಸದ್ಯಕ್ಕೆ ನಿಲ್ಲಿಸಿ, ವಿಚಾರಿಸಿದ ಮೇಲೆಯೇ ಮುಂದುವರಿಯುತ್ತೇನೆ.

ಸಾಗರದ ಸೊಸೆ | ಮಾರ್ಚ್ 8

ಎರಡು ತಿಂಗಳು ಬರೆಯಲಾಗಲಿಲ್ಲ, ಮಿಡಿ ಕೆಲಸ ಶುರುವಾಗಿತ್ತು. ನೀವೆಲ್ಲ ಇಷ್ಟು ಸಮಯ ಕೊಟ್ಟು ಬರೆದದ್ದರಿಂದ ಏನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ.

ಮೊದಲು ಹಳೆಯ ನೋಟ್‌ಬುಕ್ಕುಗಳನ್ನು ಹುಡುಕಿದೆ. ಮೂರು ವರ್ಷಗಳಲ್ಲಿ ಕೊಂಡವರು 164 ಜನ. ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ದಿನಕ್ಕೆ ಹದಿನೈದು ಇಪ್ಪತ್ತು ಜನರಂತೆ, ಹತ್ತು ದಿನ ಹಿಡಿಯಿತು. 97 ಜನ ಸಂಖ್ಯೆ ಉಳಿಸಿಕೊಂಡಿದ್ದೇವೆ ಎಂದು ಉತ್ತರ ಬರೆದರು. ‘ನೀವು ಇನ್ನೂ ಮಾಡುತ್ತಿದ್ದೀರಾ? ಸಂಖ್ಯೆ ಕಳೆದುಹೋಗಿತ್ತು’ ಎಂದವರೇ ಇಪ್ಪತ್ತು ಜನ ಇದ್ದರು. ಅದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು. ಬೇಕೆನ್ನುವವರು ಇದ್ದರು, ನಾನು ಗುರುತಿಲ್ಲದ ಎರಡೂವರೆ ಸಾವಿರ ಜನರ ಹಿಂದೆ ಹೋಗಿದ್ದೆ.

ಬೆಲೆ ಬರೆದೆ. ರಾಜ್ಯದೊಳಗೆ ಎಲ್ಲಿಗಾದರೂ ಒಂದೇ ಅಂಚೆ ವೆಚ್ಚ ಎಂದು ಗೊತ್ತುಮಾಡಿ ಅದನ್ನೂ ಬರೆದೆ. ಯಾವ ನೆಂಟರೂ ಏನೂ ಅನ್ನಲಿಲ್ಲ. ಚಿಕ್ಕತ್ತೆ ಒಬ್ಬರು ದುಡ್ಡು ಕೊಟ್ಟೇ ಎರಡು ಕೆಜಿ ಒಯ್ದರು.

ಅತ್ತೆಯವರ ಕೈ ಕಾಣುವ ವಿಡಿಯೊ ಹಾಕಿದೆ. ಮೊದಲು ಒಪ್ಪಲಿಲ್ಲ, ಬಳೆ ಬದಲಿಸಿಕೊಂಡು ಬಂದು ಕುಳಿತರು. ಮಿಡಿಯನ್ನು ಕಿವಿಯ ಹತ್ತಿರ ಹಿಡಿದು ತೊಟ್ಟು ಮುರಿಯುವುದು ಅವರ ಅಭ್ಯಾಸ. ಎಳೆಯದಾದರೆ ಆ ಸದ್ದೇ ಬೇರೆ ಎನ್ನುತ್ತಾರೆ. ವಿಡಿಯೊದಲ್ಲಿ ಆ ಸದ್ದು ಸಣ್ಣಗೆ ಕೇಳಿಸುತ್ತದೆ. ಅದಕ್ಕೆ ಬಂದ ಪ್ರಶ್ನೆಗಳಿಗೆಲ್ಲ ಅತ್ತೆ ಹೇಳಿದಂತೆ ನಾನು ಉತ್ತರ ಬರೆದೆ.

ಬೂಸ್ಟ್ ಕೂಡ ಮಾಡಿದೆ, 5,000 ಅಲ್ಲ, 1,200 ರೂಪಾಯಿ. ಬೆಂಗಳೂರು, ಶಿವಮೊಗ್ಗ ಎರಡೇ ಊರು, ಸಂದೇಶ ಕಳುಹಿಸುವ ಗುರಿ, ಆರು ದಿನ. 43 ಜನ ಬರೆದರು, 11 ಜನ ಕೊಂಡರು. ಆ 43 ಜನರ ಹೆಸರೂ ಈಗ ನೋಟ್‌ಬುಕ್ಕಿನಲ್ಲಿದೆ. ಹಳೆಯ ಪಟ್ಟಿಯಿಂದ ಮುಂಗಡವಾಗಿಯೇ 58 ಕೆಜಿಗೆ ಹೇಳಿದ್ದಾರೆ. ಈ ಸಲ ಹದಿನಾರು ಸಾವಿರ ಮಿಡಿಗೆ ಮುಂಗಡ ಕೊಟ್ಟಿದ್ದೇವೆ.

ಒಂದು ಸಮಸ್ಯೆ ಉಳಿದಿದೆ. ಪಾರ್ಸೆಲ್‌ನಲ್ಲಿ ಎರಡು ಡಬ್ಬಿಗಳು ಸೋರಿ ರಟ್ಟಿನ ಪೆಟ್ಟಿಗೆಯೆಲ್ಲ ಕೆಂಪಾಗಿ ತಲುಪಿದವು. ಬೇರೆ ಕಳುಹಿಸಿಕೊಟ್ಟೆ. ಇದಕ್ಕೆ ಯಾರಾದರೂ ದಾರಿ ಹೇಳುತ್ತೀರಾ?

ಇಳಕಲ್ಲಿನ ಮಗ್ಗ | ಮಾರ್ಚ್ 8

ಸೀರೆ ಸೋರುವುದಿಲ್ಲ ತಂಗಿ, ಅದರಲ್ಲಿ ನನಗೆ ಅನುಭವವಿಲ್ಲ. ಅಮ್ಮನವರಿಗೆ ನಮಸ್ಕಾರ ತಿಳಿಸಿ.

ಪುತ್ತೂರು ತೋಟ | ಮಾರ್ಚ್ 8

ನಾವು ಜೇನುತುಪ್ಪ ಕಳುಹಿಸುವಾಗ ಡಬ್ಬಿಯ ಬಾಯಿಗೆ ಮೊದಲು ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿಯುತ್ತೇವೆ, ಮೇಲೆ ಅಂಟುಪಟ್ಟಿ ಸುತ್ತುತ್ತೇವೆ. ಆಮೇಲೆ ದಪ್ಪ ಚೀಲದೊಳಗೆ ಹಾಕಿ ಅದರ ಬಾಯನ್ನು ಶಾಖದಿಂದ ಅಂಟಿಸುತ್ತೇವೆ. ಡಬ್ಬಿಯನ್ನು ಬಾಯಿಯವರೆಗೆ ತುಂಬಬೇಡಿ, ಒಂದು ಬೆರಳಿನಷ್ಟು ಜಾಗ ಬಿಡಿ. ಒಂದು ರಾತ್ರಿ ತಲೆಕೆಳಗಾಗಿ ಇಟ್ಟು ನೋಡಿ, ಬೆಳಿಗ್ಗೆ ಒಣಗಿದ್ದರೆ ಮಾತ್ರ ಪೆಟ್ಟಿಗೆಗೆ ಹಾಕಿ.

ಬೆಂಗಳೂರು ಸೇರಿದ ಮಲೆನಾಡಿಗಳು | ಮಾರ್ಚ್ 9

ನಿನ್ನೆ ರಾತ್ರಿ ಹತ್ತೂವರೆಗೆ ನಿಮ್ಮ ಪುಟ ಹುಡುಕಿ ವಿಡಿಯೊ ನೋಡಿದೆ. ದುಡ್ಡು ಕಳುಹಿಸಿಯೂ ಆಯಿತು. ನನಗೆ ಒಂದು ಕೆಜಿ, ಮೈಸೂರಿನಲ್ಲಿರುವ ಅಮ್ಮನಿಗೆ ಅರ್ಧ. ಅಮ್ಮನದಕ್ಕೆ ಖಾರ ಕಡಿಮೆ ಇರಲಿ.

ಸಾಗರದ ಸೊಸೆ | ಮಾರ್ಚ್ 9

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಅಕ್ಕ. ಈ ಕಂತಿನ ಮಿಡಿ ಇನ್ನೂ ಉಪ್ಪಿನಲ್ಲಿದೆ, ಚಿರುಟಿ ಬರಲು ಹತ್ತು ದಿನ ಬೇಕು. ಯುಗಾದಿಯ ಹೊತ್ತಿಗೆ ಖಾರ ಹಾಕುತ್ತೇವೆ. ಅಮ್ಮನವರದ್ದನ್ನು ಬೇರೆ ಭರಣಿಯಲ್ಲಿ ಕಲಸಲು ಅತ್ತೆಗೆ ಹೇಳಿದ್ದೇನೆ.